ತೋಟದ ತುರಿಕೆಗೆ ಹೆಸರು ಕೊಡೋರು ಯಾರು? ಕೊಡಗಿನ ಕಾರ್ಮಿಕರ ಚರ್ಮ, ಅಲರ್ಜಿ ಮತ್ತು ಸಂಶೋಧನೆ

ಕೊಡಗಿನ ಕಾಫಿ ತೋಟಗಳಲ್ಲಿ ತುರಿಕೆಯನ್ನು ಯಾರೂ ಕಾಯಿಲೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಕಾಲ್ಬೆರಳ ಸಂದಿ ಬೆಳ್ಳಗಾಗಿ ಸುಲಿಯುತ್ತದೆ. ಬೋರ್ಡೋ ಹೊಡೆಯುವ ದಿನಗಳಲ್ಲಿ ಮುಂಗೈ ಬಿರಿಯುತ್ತದೆ. ಮರ ಸವರಿದ ಮಾರನೇ ದಿನ ಯಾರದೋ ಮುಖ ಊದಿಕೊಂಡಿರುತ್ತದೆ. ಕೇಳಿದರೆ ಮೇಸ್ತ್ರಿಯಿಂದ ಹಿಡಿದು ಮೆಡಿಕಲ್ ಶಾಪಿನವರ ತನಕ ಒಂದೇ ಉತ್ತರ: "ತೋಟ ಅಂದಮೇಲೆ ಇದೆಲ್ಲ ಇದ್ದದ್ದೇ."

ಈ 'ಇದ್ದದ್ದೇ' ಅನ್ನೋ ಮಾತಿನ ಹಿಂದೆ ವಿಜ್ಞಾನ ಎಷ್ಟಿದೆ, ರಾಜಕೀಯ ಎಷ್ಟಿದೆ ಅಂತ ಬಿಡಿಸಿ ನೋಡುವುದು ಈ ಬರಹದ ಉದ್ದೇಶ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ಜಿಲ್ಲೆ ನಮ್ಮದು. ಆ ಕಾಫಿ ಕುಯ್ಯುವ ಕೈಗಳಿಗೆ ಏನಾಗುತ್ತಿದೆ ಅನ್ನೋದು ಗೊತ್ತಾಗಬೇಕಾದರೆ ಮೊದಲು ಆ ಕೈಯನ್ನು ಪರೀಕ್ಷೆ ಮಾಡಬೇಕು. ನಾನು ವೈದ್ಯನಲ್ಲ, ತೋಟದ ಬದಿಯಲ್ಲೇ ಬೆಳೆದವನು. ಚರ್ಮದ ಅಲರ್ಜಿ ಬಗ್ಗೆ ಆಗಿರುವ ಸಂಶೋಧನೆಗಳನ್ನು ಓದುತ್ತಾ ಹೋದ ಹಾಗೆ ನನಗೆ ಕಂಡದ್ದು ಇಷ್ಟು: ತುರಿಕೆ ಕಾಯಿಲೆ ಆಗುವುದು ಒಂದು ಹೆಜ್ಜೆ, ಆ ಕಾಯಿಲೆ 'ಕೆಲಸದಿಂದ ಬಂದ ಕಾಯಿಲೆ' ಆಗುವುದು ಇನ್ನೊಂದು ಹೆಜ್ಜೆ. ಎರಡಕ್ಕೂ ಪುರಾವೆ ಬೇಕು. ಪುರಾವೆ ಹುಡುಕುವುದು ಯಾರ ಚರ್ಮದ ಮೇಲೆ ಅನ್ನೋದು ಬರೀ ವೈದ್ಯಕೀಯದ ಪ್ರಶ್ನೆ ಆಗಿ ಉಳಿಯುವುದಿಲ್ಲ.

ತುರಿಕೆ ಒಂದೇ, ದಾರಿ ಎರಡು

ಏನಾದರೂ ತಾಗಿದ್ದರಿಂದ ಚರ್ಮಕ್ಕೆ ಬರುವ ಉರಿಯೂತಕ್ಕೆ ವೈದ್ಯರು ಕಾಂಟ್ಯಾಕ್ಟ್ ಡರ್ಮಟೈಟಿಸ್ ಅನ್ನುತ್ತಾರೆ. ಜನರ ಬಾಯಲ್ಲಿ ಅದು ಇಸುಬು, ಅಲರ್ಜಿ, ಇಲ್ಲಾ ಬರೀ 'ಕಡಿತ'. ಇದರಲ್ಲಿ ಎರಡು ಬಗೆ.

ಮೊದಲನೆಯದು ನೇರ ಹಾನಿ. ಸುಣ್ಣ, ಗೊಬ್ಬರ, ಸೋಪು, ದಿನವಿಡೀ ಒದ್ದೆ, ಇವು ಚರ್ಮದ ಮೇಲ್ಪದರವನ್ನೇ ತಿಂದುಹಾಕುತ್ತವೆ. ಸಾಕಷ್ಟು ಹೊತ್ತು ತಾಗಿದರೆ ಯಾರಿಗೆ ಬೇಕಾದರೂ ಬರುತ್ತದೆ.

ಎರಡನೆಯದು ನಿಜವಾದ ಅಲರ್ಜಿ. ಇಲ್ಲಿ ಒಂದು ಸಣ್ಣ ರಾಸಾಯನಿಕ ಕಣ ಚರ್ಮದೊಳಗೆ ಇಳಿದು ನಮ್ಮದೇ ಪ್ರೊಟೀನಿಗೆ ಅಂಟಿಕೊಳ್ಳುತ್ತದೆ. ದೇಹದ ಕಾವಲು ಕಣಗಳಾದ ಟಿ-ಕೋಶಗಳು ಅದನ್ನು ಶತ್ರು ಅಂತ ಗುರುತಿಟ್ಟುಕೊಳ್ಳುತ್ತವೆ. ಮೊದಲ ಸಲ ಈ ಗುರುತು ಹಿಡಿಯಲು ಸಾಮಾನ್ಯವಾಗಿ 10–14 ದಿನ ಬೇಕು. ಆಗ ಹೊರಗೆ ಏನೂ ಕಾಣದೇ ಇರಬಹುದು. ಆಮೇಲೆ ಅದೇ ವಸ್ತು ಚೂರು ತಾಗಿದರೂ ಒಂದೆರಡು ದಿನದಲ್ಲಿ ಗುಳ್ಳೆ, ಊತ, ತುರಿಕೆ. ಈ ನೆನಪು ಸಾಮಾನ್ಯವಾಗಿ ಜೀವಮಾನವಿಡೀ ಇರುತ್ತದೆ.

ತಾಗಿದ ದಿನಕ್ಕೂ ತುರಿಸುವ ದಿನಕ್ಕೂ ನಡುವೆ ಇರುವ ಈ ಅಂತರವೇ ಗೊಂದಲದ ಮೂಲ. ಸೋಮವಾರ ಮರ ಸವರಿದವರಿಗೆ ಬುಧವಾರ ಮುಖ ಊದಿದರೆ, ಮಂಗಳವಾರ ತಿಂದ ಮೀನಿನ ಮೇಲೆ ಅನುಮಾನ ಬರುತ್ತದೆ. ವರ್ಷಗಟ್ಟಲೆ ಬದನೆಕಾಯಿ, ಮೊಟ್ಟೆ ಬಿಟ್ಟು ಕೂತವರನ್ನು ನಾನೇ ನೋಡಿದ್ದೇನೆ. ತೋಟದ ಮೇಲೆ ಮಾತ್ರ ಯಾರಿಗೂ ಅನುಮಾನ ಬರುವುದಿಲ್ಲ.

ತೋಟದಲ್ಲಿ ಏನೇನು ತಾಗುತ್ತದೆ

ಬೋರ್ಡೋ ದ್ರಾವಣ: ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ. ಕಾಫಿಯ ಎಲೆ ತುಕ್ಕಿಗೆ, ಮೆಣಸಿನ ಬಳ್ಳಿಯ ಕೊಳೆರೋಗಕ್ಕೆ ಸಿಂಪಡಿಸುತ್ತಾರೆ. ಇದರಲ್ಲಿ ಚರ್ಮಕ್ಕೆ ಹೆಚ್ಚು ತೊಂದರೆ ಕೊಡುವುದು ಸುಣ್ಣದ ಖಾರ. ತಾಮ್ರದಿಂದ ಅಲರ್ಜಿ ಆಗುವುದು ಅಪರೂಪ.

ಕೀಟನಾಶಕ: ಅರೇಬಿಕಾದ ಬಿಳಿ ಕಾಂಡಕೊರಕಕ್ಕೆ ದಶಕಗಳ ಕಾಲ ಲಿಂಡೇನ್ ಬಳಿಯುತ್ತಿದ್ದರು. ವಿಚಿತ್ರ ಅಂದರೆ ಕಜ್ಜಿಗೆ ಮೈಗೆ ಹಚ್ಚಲು ಕೊಡುತ್ತಿದ್ದ ಲೋಷನ್ನಿನಲ್ಲೂ ಇದ್ದದ್ದು ಅದೇ ಲಿಂಡೇನ್. 2009ರಲ್ಲಿ ಅದು ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು. ಭಾರತದಲ್ಲಿ ತಯಾರಿಕೆ 2011ರಲ್ಲಿ, ಬಳಕೆ 2013ರಲ್ಲಿ ನಿಂತಿತು. ಈಗ ಆ ಜಾಗದಲ್ಲಿ ಬೇರೆ ಔಷಧಿಗಳಿವೆ.

ಹೊಲಗೇರು: ನೆರಳು ಮರಗಳ ನಡುವೆ, ಕಾಡಿನಂಚಿನಲ್ಲಿ ಇರುವ ಮರ. ಊರಿಂದೂರಿಗೆ ಉಚ್ಚಾರ ಬದಲಾಗುತ್ತದೆ. ಇದರ ಕಪ್ಪು ಸೊನೆ ತಾಗಿದರೆ ಮೈ ಬೆಂದ ಹಾಗೆ ಬೊಕ್ಕೆ ಏಳುತ್ತದೆ. ಹೊಲಿಗಾರ್ನಾ ಅನ್ನೋ ಇದರ ವೈಜ್ಞಾನಿಕ ಕುಲನಾಮವೇ ನಮ್ಮ ಕನ್ನಡದ ಹೆಸರಿನಿಂದ ಹೋದದ್ದು. ಗೋಡಂಬಿ, ಮಾವು, ಕರಿಗೇರು ಎಲ್ಲ ಒಂದೇ ಕುಟುಂಬ. ಹಾಗಾಗಿ ಒಂದರ ಸೊನೆಗೆ ಅಲರ್ಜಿ ಇದ್ದವರಿಗೆ ಇನ್ನೊಂದೂ ಆಗದೇ ಇರಬಹುದು.

ಗಂಬೂಟು, ಕೈಗವಸು: ಇಂಬಳದಿಂದ, ಔಷಧಿಯಿಂದ ಕಾಪಾಡಬೇಕಾದ ರಬ್ಬರೇ ಕೆಲವರಿಗೆ ಅಲರ್ಜಿ. ರಬ್ಬರನ್ನು ಗಟ್ಟಿ ಮಾಡಲು ಬೆರೆಸುವ ಥಯುರಾಮ್‌ನಂಥ ರಾಸಾಯನಿಕಗಳು ಬೆವರಿನ ಜೊತೆ ಚರ್ಮಕ್ಕೆ ಇಳಿಯುತ್ತವೆ.

ಇವಲ್ಲದೆ ಕಂಬಳಿಹುಳದ ರೋಮ, ಚಗಳಿ ಕಡಿತ, ಚಗಳಿ ಓಡಿಸಲು ಹೊಡೆದ ಪುಡಿ, ಇಂಬಳಕ್ಕೆ ಅಂತ ಕಾಲಿಗೆ ಸವರಿಕೊಂಡ ಹೊಗೆಸೊಪ್ಪು-ಸುಣ್ಣ. ಒಂದೇ ಕಾಲಿನ ಮೇಲೆ ಇಷ್ಟೆಲ್ಲ ಇರುವಾಗ ಯಾವುದರಿಂದ ಬಂತು ಅಂತ ಕಣ್ಣಳತೆಯಲ್ಲಿ ಹೇಳುವುದು ಕಷ್ಟ.

ಕರ್ನಾಟಕಕ್ಕೆ ಇದು ಹೊಸ ವಿದ್ಯೆ ಅಲ್ಲ

ಗಿಡದಿಂದ ಬರುವ ಚರ್ಮದ ಅಲರ್ಜಿಯ ಸಂಶೋಧನೆಯಲ್ಲಿ ನಮ್ಮ ರಾಜ್ಯದ ಹೆಸರು ದೊಡ್ಡದು. ಕಾರಣ ಪಾರ್ಥೇನಿಯಂ, ನಮ್ಮ ಮಾತಿನಲ್ಲಿ ಕಾಂಗ್ರೆಸ್ ಗಿಡ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಕಳೆ ಕೆಲವೇ ವರ್ಷಗಳಲ್ಲಿ ದಖ್ಖನ್ ತುಂಬಾ ಹರಡಿತು. ಇದರಲ್ಲಿರುವ ಪಾರ್ಥೆನಿನ್ ಅನ್ನೋ ವಸ್ತು ಗಾಳಿಯಲ್ಲಿ ಹಾರಿಬಂದು ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಕೂತು ಇಸುಬು ಎಬ್ಬಿಸುತ್ತದೆ.

ಬೆಂಗಳೂರಿನಲ್ಲಿ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು 3ರಿಂದ 12 ತಿಂಗಳು ಈ ಗಿಡದ ಸಂಪರ್ಕದಲ್ಲಿದ್ದವರನ್ನು ಪರೀಕ್ಷಿಸಿ 1977ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ. 4ರಷ್ಟು ಜನರಿಗೆ ಚರ್ಮದ ಉರಿಯೂತ ಬಂದಿತ್ತು. ಇನ್ನೂ ಶೇ. 56ರಷ್ಟು ಜನರ ದೇಹ ಆ ಗಿಡವನ್ನು ಶತ್ರು ಅಂತ ಗುರುತಿಟ್ಟುಕೊಂಡಾಗಿತ್ತು, ಆದರೆ ಮೈಮೇಲೆ ಏನೂ ಕಾಣುತ್ತಿರಲಿಲ್ಲ. ಅಂದರೆ ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದ್ದರೆ ಲೆಕ್ಕಕ್ಕೆ ಸಿಗುತ್ತಿದ್ದದ್ದು ಒಂದು ಸಣ್ಣ ಚೂರು. ತೋಟದ ವಿಚಾರದಲ್ಲೂ ನಾನು ಇದನ್ನೇ ನೆನಪಿಸುತ್ತೇನೆ.

ಸರ್ಕಾರ ಆಗ ಸುಮ್ಮನೆ ಕೂರಲಿಲ್ಲ. 1975ರಲ್ಲೇ ಕರ್ನಾಟಕ ಪಾರ್ಥೇನಿಯಂ ಅನ್ನು ಅಪಾಯಕಾರಿ ಕಳೆ ಅಂತ ಕಾನೂನಿನಡಿ ಘೋಷಿಸಿತ್ತು. 1983ರಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮೆಕ್ಸಿಕೋದಿಂದ ಅದನ್ನು ತಿನ್ನುವ ಜೀರುಂಡೆ ತರಿಸಿ, ಮರುವರ್ಷ ಬಯಲಿಗೆ ಬಿಟ್ಟಿತು. ಈ ಗಿಡ ನಗರದ ಖಾಲಿ ಸೈಟುಗಳಲ್ಲಿ, ಮಧ್ಯಮವರ್ಗದ ಕಾಂಪೌಂಡುಗಳ ಪಕ್ಕದಲ್ಲೇ ಬೆಳೆದಿತ್ತು ಅನ್ನೋದನ್ನು ಮರೆಯಬಾರದು.

ಹೊಲಗೇರಿನ ಬಗ್ಗೆಯೂ ಕೆಲಸ ಆಗಿದೆ. ಸಿ.ಆರ್. ಶ್ರೀನಿವಾಸ್ ಮತ್ತು ಮಣಿಪಾಲದ ತಂಡ ಹೊಲಿಗಾರ್ನಾ ಫೆರುಜಿನಿಯಾದಲ್ಲಿ ಅಲರ್ಜಿ ಮಾಡುವ ಅಂಶವನ್ನು ಹುಡುಕಿ 1987ರಲ್ಲಿ ಪ್ರಕಟಿಸಿತು. 2005ರಲ್ಲಿ ಮಣಿಪಾಲದಿಂದಲೇ ಗದ್ದೆ ಕಾರ್ಮಿಕರ ಚರ್ಮರೋಗಗಳ ಅಧ್ಯಯನ ಬಂತು. ಕೆಸರಿನಲ್ಲಿ ನಿಂತವರ ಕಾಲನ್ನು ನೋಡಿದ ಸಂಶೋಧನೆ ಅದು. ಕೊಡಗಿನಿಂದ ಮಣಿಪಾಲ ದೂರವೇನಲ್ಲ. ವಿಧಾನ ಗೊತ್ತಿದೆ, ಪರಿಣತರೂ ಇದ್ದಾರೆ.

ಕಾಫಿಯ ಅಲರ್ಜಿಯನ್ನು ಬರೆದಿಟ್ಟದ್ದು ಎಲ್ಲಿ?

ಕಾಫಿ ಅಲರ್ಜಿಯ ಸಂಶೋಧನೆಗೂ ದೀರ್ಘ ಇತಿಹಾಸ ಇದೆ. ಆದರೆ ಅದು ಶುರುವಾದದ್ದು ಕಾಫಿ ಇಳಿಯುವ ಬಂದರುಗಳ, ಹುರಿಯುವ ಕಾರ್ಖಾನೆಗಳ ಕಡೆಯಿಂದ. 1950ರಲ್ಲಿ ಅಮೆರಿಕದ ಫಿಗ್ಲಿ ಮತ್ತು ರಾಲಿಂಗ್, ಹಸಿ ಕಾಫಿಯ ಧೂಳಿನಲ್ಲಿ ಮತ್ತು ಹಳೇ ಗೋಣಿಚೀಲದಲ್ಲಿ ಸೇರಿಕೊಂಡ ಹರಳು ಬೀಜದ ಅಂಶ ಕೆಲಸಗಾರರಿಗೆ ಅಲರ್ಜಿ ಮಾಡುತ್ತದೆ ಅಂತ ತೋರಿಸಿದರು. 1960ರ ದಶಕದಲ್ಲಿ ಕಾಫಿಯಲ್ಲೇ ಇರುವ ಕ್ಲೋರೋಜೆನಿಕ್ ಆಮ್ಲ ಕಾರಣವೇ ಅಲ್ಲವೇ ಅಂತ ದೊಡ್ಡ ವಾದ ನಡೆಯಿತು. ನ್ಯೂ ಆರ್ಲಿಯನ್ಸ್‌ನ ಕಾಫಿ ಕಾರ್ಖಾನೆಗಳ ಕಾರ್ಮಿಕರನ್ನು ವರ್ಷಗಳ ಕಾಲ ಅಭ್ಯಾಸ ಮಾಡಿದರು. 2012ರಲ್ಲಿ ಕಾಫಿಯ ಮೊದಲ ಅಲರ್ಜಿಕಾರಕ ಪ್ರೊಟೀನಿಗೆ 'ಕಾಫ್ ಎ 1' ಅಂತ ಹೆಸರೂ ಬಂತು.

ಈ ಬಗೆಯ ಅಲರ್ಜಿ ಮೇಲೆ ಹೇಳಿದ ತಡವಾಗಿ ಬರುವ ಇಸುಬಿಗಿಂತ ಬೇರೆ. ಇದು ನಿಮಿಷಗಳಲ್ಲಿ ಬರುತ್ತದೆ: ಸೀನು, ಉಬ್ಬಸ, ಕಣ್ಣುರಿ, ಮೈಮೇಲೆ ದದ್ದು. ಕಣದಲ್ಲಿ ಒಣಗಿದ ಕಾಫಿ ಮಗುಚುವವರು, ಕ್ಯೂರಿಂಗ್ ವರ್ಕ್ಸ್‌ನಲ್ಲಿ ಧೂಳಿನ ನಡುವೆ ಬೀಜ ಆರಿಸುವ ಹೆಂಗಸರು ಇದನ್ನು ಬಲ್ಲರು. ಆದರೆ ಪಠ್ಯಪುಸ್ತಕದಲ್ಲಿ ಕಾಫಿ ಕಾರ್ಮಿಕ ಅಂದರೆ ಹಡಗಿನಿಂದ ಚೀಲ ಇಳಿಸಿದವನು, ಯಂತ್ರ ನಡೆಸಿದವನು. ಅಲ್ಲಿ ಕಾರ್ಮಿಕ ಪರಿಹಾರ ಕೇಳಬಹುದಿತ್ತು, ವಿಮೆ ಇತ್ತು, ಕಾರಣ ಯಾವುದು ಅಂತ ತಿಳಿಯುವ ದರ್ದು ಕಂಪನಿಗೂ ಇತ್ತು. ಪರಿಹಾರ ಕೇಳುವ ದಾರಿ ಇದ್ದ ಕಡೆ ಸಂಶೋಧನೆ ಸಲೀಸಾಗಿ ಬೆಳೆಯುತ್ತದೆ. ಇದು ನನ್ನ ವಿಶ್ಲೇಷಣೆ, ಒಪ್ಪದೇ ಇರುವವರು ಇರಬಹುದು.

ನೂರಮೂವತ್ತು ವರ್ಷದ ಪರೀಕ್ಷೆ, ಮೂರು ದಿನದ ಕೂಲಿ

ತಡವಾಗಿ ಬರುವ ಅಲರ್ಜಿಯನ್ನು ಪತ್ತೆ ಮಾಡಲು ಪ್ಯಾಚ್ ಟೆಸ್ಟ್ ಇದೆ. 1890ರ ದಶಕದಲ್ಲಿ ಯೋಸೆಫ್ ಯಾಡಸ್ಸೋನ್ ಅನ್ನೋ ವೈದ್ಯ ಇದನ್ನು ರೂಪಿಸಿದರು. ಅನುಮಾನ ಇರುವ ವಸ್ತುಗಳನ್ನು ತೆಳುವಾಗಿ ಬೆರೆಸಿ ಸಣ್ಣ ಸಣ್ಣ ಬಟ್ಟಲಿನಲ್ಲಿ ಬೆನ್ನಿಗೆ ಅಂಟಿಸುತ್ತಾರೆ. 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ. 96 ಗಂಟೆಗೆ ಮತ್ತೊಮ್ಮೆ ನೋಡುತ್ತಾರೆ. ಯಾವ ಬಟ್ಟಲಿನ ಕೆಳಗೆ ಗುಳ್ಳೆ ಎದ್ದಿದೆಯೋ ಅದೇ ಕಾರಣ. ಭಾರತದ ವೈದ್ಯರು ನಮ್ಮ ದೇಶಕ್ಕೆ ಹೊಂದುವ ಪಟ್ಟಿ ಮಾಡಿಕೊಂಡಿದ್ದಾರೆ, ಅದರಲ್ಲಿ ಪಾರ್ಥೇನಿಯಂ ಕೂಡ ಇದೆ. ದೊಡ್ಡ ಯಂತ್ರ, ಸ್ಕ್ಯಾನಿಂಗ್ ಏನೂ ಬೇಡ.

ಬೇಕಾಗಿರುವುದು ಬೇರೆ. ಸೋಮವಾರ ಬಂದು ಹಚ್ಚಿಸಿಕೊಳ್ಳಬೇಕು, ಬುಧವಾರ ಬರಬೇಕು, ಶುಕ್ರವಾರ ಮತ್ತೆ ಬರಬೇಕು. ಈ ನಡುವೆ ಬೆನ್ನು ಒದ್ದೆ ಆಗಬಾರದು, ಬೆವರಬಾರದು, ಭಾರ ಹೊರಬಾರದು. ಕುಯ್ಲಿನ ಕಾಲದಲ್ಲಿ ಕೆಜಿ ಲೆಕ್ಕದಲ್ಲಿ ಕೂಲಿ ಪಡೆಯುವ ಒಬ್ಬ ಹೆಂಗಸಿಗೆ ಇದನ್ನು ಹೇಳಿ ನೋಡಿ. ಪೊನ್ನಂಪೇಟೆ ಕಡೆಯ ಲೈನ್ ಮನೆಯೊಂದರಲ್ಲಿ ಒಬ್ಬ ಅಕ್ಕನಿಗೆ ನಾನು ಹೇಳಿದೆ. ಅವರು ನಕ್ಕುಬಿಟ್ಟರು. "ಬೆವರದೆ ಐದು ದಿನ ಇರೋದಾದ್ರೆ ನಂಗೆ ಈ ಕಡಿತಾನೇ ಬರ್ತಿರ್ಲಿಲ್ಲ ಅಲ್ವಾ ಮಾರಾಯಾ."

ಪರೀಕ್ಷೆ ಅಗ್ಗ, ಪರೀಕ್ಷೆಗೆ ಬೇಕಾದ ಬಿಡುವು ದುಬಾರಿ. ಹಾಗಾಗಿ ತೋಟ ಕಾರ್ಮಿಕರ ಚರ್ಮದ ಅಧ್ಯಯನ ಅಂದರೆ ಮೊದಲು ಮೂರು ದಿನದ ಕೂಲಿ ಮತ್ತು ಬಸ್ ಚಾರ್ಜಿನ ಪ್ರಶ್ನೆ. ಇದಕ್ಕೆ ದಾರಿ ಇದೆ. ಭಾಗವಹಿಸುವವರ ಪ್ರಯಾಣ ವೆಚ್ಚ, ಕಳೆದುಕೊಂಡ ಕೂಲಿ ಭರಿಸಲು ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ ಅವಕಾಶ ಕೊಡುತ್ತದೆ.

ಟ್ಯೂಬ್ ಮತ್ತು ಬಣ್ಣ

ಪರೀಕ್ಷೆ ಇಲ್ಲದ ಕಡೆ ಬರುವುದು ಟ್ಯೂಬ್. ಅದೇ ಅಕ್ಕನ ಮನೆಯಲ್ಲಿ ಪ್ಲಾಸ್ಟಿಕ್ ಕವರಿನ ತುಂಬಾ ಹಿಂಡಿ ಮುಗಿಸಿದ ಕ್ರೀಮುಗಳಿದ್ದವು, ಹೆಚ್ಚಿನವು ಸ್ಟೀರಾಯ್ಡ್ ಸೇರಿದವು. ಸ್ಟೀರಾಯ್ಡ್ ಹಚ್ಚಿದರೆ ಇಸುಬು ಇಳಿಯುತ್ತದೆ, ಕಜ್ಜಿಯೂ, ಗಜಕರ್ಣವೂ ನಾಲ್ಕು ದಿನ ಇಳಿದಂತೆ ಕಾಣುತ್ತವೆ. ಆಮೇಲೆ ಗಜಕರ್ಣ ಇನ್ನಷ್ಟು ಹರಡುತ್ತದೆ, ರೂಪ ಬದಲಿಸಿ ವೈದ್ಯರಿಗೂ ಗುರುತು ಸಿಗದ ಹಾಗಾಗುತ್ತದೆ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಎರಡು ವರ್ಷದ ನಂತರ, 2020ರಲ್ಲಿ, ಸಾಮಾನ್ಯ ಔಷಧಿಗೆ ಬಗ್ಗದ ಒಂದು ಗಜಕರ್ಣದ ಶಿಲೀಂಧ್ರಕ್ಕೆ ವಿಜ್ಞಾನಿಗಳು ಟ್ರೈಕೋಫೈಟಾನ್ ಇಂಡೋಟಿನಿಯೇ ಅಂತ ಹೆಸರಿಟ್ಟರು. ಹೆಸರಿನಲ್ಲೇ ಇಂಡಿಯಾ ಇದೆ.

ಇನ್ನೊಂದು ತೊಡಕು ಬಣ್ಣದ್ದು. ಚರ್ಮದ ಉರಿಯೂತ ಅಂದರೆ ಪಠ್ಯದಲ್ಲಿ 'ಕೆಂಪಾಗುವುದು'. ಕಪ್ಪು, ಗಾಢ ಕಂದು ಚರ್ಮದಲ್ಲಿ ಅದು ನೇರಳೆ, ಬೂದು, ಕಡುಕಪ್ಪಾಗಿ ಕಾಣುತ್ತದೆ. ಎಷ್ಟು ಕೆಂಪಾಗಿದೆ ಅಂತ ಅಂಕ ಕೊಡುವ ಪದ್ಧತಿಯಿಂದ ಕಪ್ಪು ಮಕ್ಕಳ ತೀವ್ರ ಇಸುಬು ಮರೆಯಾಗಬಹುದು ಅಂತ 2002ರಲ್ಲೇ ಬ್ರಿಟನ್ನಿನ ಒಂದು ಅಧ್ಯಯನ ಎಚ್ಚರಿಸಿತ್ತು. ಇವತ್ತಿಗೂ ಬಳಕೆಯಲ್ಲಿರುವ ಫಿಟ್ಜ್‌ಪ್ಯಾಟ್ರಿಕ್ ಅಳತೆ 1975ರಲ್ಲಿ ಶುರುವಾದದ್ದು ಬಿಳಿಯರ ಚರ್ಮವನ್ನು ವಿಂಗಡಿಸಲು. ಕಂದು, ಕಪ್ಪು ಆಮೇಲೆ ಸೇರಿದವು. ಯರವ, ಜೇನುಕುರುಬ ಸಮುದಾಯದ ಕಾರ್ಮಿಕರೊಬ್ಬರ ಮುಂಗೈ 'ಬರೀ ಒರಟಾಗಿದೆ' ಅಂತ ಕಾಣುವುದಕ್ಕೆ ನೋಡುವ ಕಣ್ಣಿನ ತರಬೇತಿಯೂ ಕಾರಣ ಇರಬಹುದು.

ಕಾನೂನು ಏನು ಹೇಳುತ್ತದೆ

1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಗೆ 2010ರಲ್ಲಿ ಸುರಕ್ಷತೆಯ ಹೊಸ ಅಧ್ಯಾಯ ಸೇರಿತು. ಕೀಟನಾಶಕ ಮುಟ್ಟುವ ಕಾರ್ಮಿಕರಿಗೆ ತರಬೇತಿ, ಕಾಲಕಾಲಕ್ಕೆ ವೈದ್ಯಕೀಯ ತಪಾಸಣೆ, ಆರೋಗ್ಯದ ದಾಖಲೆ, ರಕ್ಷಣಾ ಉಡುಪು, ತೊಳೆದುಕೊಳ್ಳಲು ಸ್ನಾನದ ವ್ಯವಸ್ಥೆ ಮಾಲೀಕರ ಹೊಣೆ ಅಂತ ಅದು ಹೇಳಿತು. ಆದರೆ ಕಾಯ್ದೆ ಅನ್ವಯಿಸುತ್ತಿದ್ದದ್ದು 5 ಹೆಕ್ಟೇರ್ ಮತ್ತು 15 ಕಾರ್ಮಿಕರಿಗಿಂತ ಕಡಿಮೆ ಇಲ್ಲದ ತೋಟಗಳಿಗೆ. ನಮ್ಮಲ್ಲಿ ಸಣ್ಣ ಹಿಡುವಳಿಗಳೇ ಹೆಚ್ಚು. ಅಲ್ಲಿ ಔಷಧಿ ಹೊಡೆಯುವವರೂ ಅದೇ ಡಬ್ಬಿಯನ್ನೇ ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ.

ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ರಾಸಾಯನಿಕ ಮತ್ತು ಬಣ್ಣ ತಾಗಿ ಬರುವ ಡರ್ಮಟೈಟಿಸ್ ಹೆಸರು ಇತ್ತು. ಅಂದರೆ ಕ್ಯೂರಿಂಗ್ ವರ್ಕ್ಸ್‌ನ ಒಳಗೆ ಬಂದರೆ ಅದು ವರದಿ ಮಾಡಬೇಕಾದ ಕಾಯಿಲೆ, ತೋಟದಲ್ಲಿ ಬಂದರೆ 'ಇದ್ದದ್ದೇ'. ಈ ಎರಡೂ ಕಾಯ್ದೆಗಳು ಈಗ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ ಸೇರಿಹೋಗಿವೆ. ಈ ಕಾರ್ಮಿಕ ಸಂಹಿತೆಗಳನ್ನು ಸಂಘಟನೆಗಳು ವಿರೋಧಿಸುತ್ತಿವೆ, ಆ ವಿರೋಧಕ್ಕೆ ಸಾಕಷ್ಟು ಕಾರಣಗಳಿವೆ. ಆದರೂ ಒಂದು ಅಂಶವನ್ನು ಗಮನಿಸಬೇಕು: ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿ ಈಗ ಕಾರ್ಖಾನೆ ಗೋಡೆ ದಾಟಿ 10 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಪ್ಲಾಂಟೇಶನ್ ಕೂಡ ಅದರಲ್ಲಿ ಸೇರಿದೆ. ಚಿಕಿತ್ಸೆ ಕೊಟ್ಟ ವೈದ್ಯರೂ ವರದಿ ಮಾಡಬೇಕು.

ಇಲ್ಲೊಂದು ಸಂದಿ ಉಳಿದಿದೆ. ಪಟ್ಟಿ ಹೇಳುವುದು 'ರಾಸಾಯನಿಕ ಮತ್ತು ಬಣ್ಣ'. ಬೋರ್ಡೋ ಅದರೊಳಗೆ ಬರುತ್ತದೆ. ಹೊಲಗೇರಿನ ಸೊನೆ? ಪಾರ್ಥೇನಿಯಂ? ಮರ ಸವರಿ ಅಂತ ಹತ್ತಿಸಿದವರು ಮಾಲೀಕರು, ಕೆಲಸವೇ ಅದು, ಆದರೆ ಗಿಡದ ವಿಷ ಪಟ್ಟಿಯಲ್ಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2010ರ ಔದ್ಯೋಗಿಕ ಕಾಯಿಲೆಗಳ ಪಟ್ಟಿ ಹೀಗೆ ಭೇದ ಮಾಡುವುದಿಲ್ಲ. ಕೆಲಸದಲ್ಲಿ ತಾಗಿ ಬಂದ ಅಲರ್ಜಿ ಅಂದರೆ ಅಲರ್ಜಿ.

ಸಂಶೋಧನೆ ಬೇಕು, ಯಾರ ಒಪ್ಪಿಗೆಯಲ್ಲಿ?

ತೋಟದಲ್ಲಿ ಅಧ್ಯಯನ ಮಾಡಬೇಕು ಅನ್ನುವಾಗ ಒಂದು ಎಚ್ಚರ ಬೇಕೇ ಬೇಕು. ಲೈನ್ ಮನೆ ಸಾವ್ಕಾರ್ರದ್ದು, ಮುಂಗಡ ಸಾವ್ಕಾರ್ರದ್ದು. ಅವರ ಜೀಪಿನಲ್ಲಿ ಬಂದ ಡಾಕ್ಟ್ರಿಗೆ 'ನಂಗೆ ಬೇಡ' ಅನ್ನುವುದು ಸುಲಭ ಅಲ್ಲ. 2009–10ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಆದಿವಾಸಿ ಬಾಲಕಿಯರಿಗೆ ಎಚ್‌ಪಿವಿ ಲಸಿಕೆ ಕೊಡುವಾಗ ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್‌ಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. ಸಂಸದೀಯ ಸಮಿತಿ 2013ರಲ್ಲಿ ಅದನ್ನು ಕಟುವಾಗಿ ಟೀಕಿಸಿತು. ಮಾಲೀಕರ ಅನುಮತಿ ಕಾರ್ಮಿಕರ ಒಪ್ಪಿಗೆ ಆಗಲಾರದು. ಫಲಿತಾಂಶ ಮೊದಲು ತಲುಪಬೇಕಾದದ್ದೂ ಬೆನ್ನು ಕೊಟ್ಟವರಿಗೆ, ಅವರ ಭಾಷೆಯಲ್ಲಿ.

ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರದಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಕುಯ್ಲು ಮುಗಿದು ಮಳೆ ಶುರುವಾಗುವ ನಡುವಿನ ದಿನಗಳಲ್ಲಿ, ಕೂಲಿ ಭರಿಸಿ, ತಾಲ್ಲೂಕಿಗೊಂದು ಕಡೆ ಪ್ಯಾಚ್ ಟೆಸ್ಟ್ ಶಿಬಿರ ಮಾಡುವುದು ಅಸಾಧ್ಯದ ಮಾತಲ್ಲ. ಇಂಡಿಯನ್ ಪಟ್ಟಿಯ ಜೊತೆ ಹೊಲಗೇರು, ತೋಟದಲ್ಲಿ ನಿಜಕ್ಕೂ ಬಳಸುವ ಔಷಧಿಗಳು, ಗಂಬೂಟಿನ ರಬ್ಬರು ಇವೂ ಆ ಬಟ್ಟಲುಗಳಲ್ಲಿ ಇರಬೇಕು.

ಅಲ್ಲಿಯವರೆಗೆ ಕೈಲಾದದ್ದು ಕೆಲವಿದೆ. ತುರಿಕೆ ಶುರುವಾದ ದಿನಕ್ಕಿಂತ ಹಿಂದಿನ ಮೂರು ದಿನ ಏನು ಕೆಲಸ ಮಾಡಿದ್ದು ಅಂತ ಬರೆದಿಡಿ, ಇಲ್ಲಾ ಫೋನಿನಲ್ಲಿ ಹೇಳಿಟ್ಟುಕೊಳ್ಳಿ. ಔಷಧಿ ಡಬ್ಬಿಯ ಲೇಬಲ್ಲಿನ ಫೋಟೊ ತೆಗೆದುಕೊಳ್ಳಿ. ಕೆಲಸ ಬಿಟ್ಟ ದಿನಗಳಲ್ಲಿ ಕಡಿಮೆ ಆಗುತ್ತಾ ನೋಡಿ. ಚೀಟಿ ಇಲ್ಲದೆ ಕ್ರೀಮು ಕೊಳ್ಳಬೇಡಿ. ಡಾಕ್ಟರ ಬಳಿ ಹೋದಾಗ ಏನು ಕೆಲಸ ಅಂತ ಅವರು ಕೇಳದಿದ್ದರೂ ನೀವೇ ಹೇಳಿ, ಚೀಟಿಯಲ್ಲಿ ಬರೆಸಿ. ಆ ಒಂದು ಸಾಲು ಮುಂದೆ ದಾಖಲೆ ಆಗುತ್ತದೆ.

ಕಾಸರಗೋಡಿನ ಪಡ್ರೆಯಲ್ಲೂ ಎಂಡೋಸಲ್ಫಾನ್ ವಿಷಯ ಮೊದಲು ಊರವರ, ಊರಿನ ವೈದ್ಯರೊಬ್ಬರ ಟಿಪ್ಪಣಿಯಾಗಿತ್ತು. ಅಧ್ಯಯನ ಆಮೇಲೆ ಬಂತು, 2011ರಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂತು, 2017ರಲ್ಲಿ ತಲಾ 5 ಲಕ್ಷ ರೂಪಾಯಿ ಪರಿಹಾರದ ಆದೇಶ ಬಂತು. ತೋಟದ ತುರಿಕೆ ಅಷ್ಟು ಭೀಕರ ಅಂತ ನಾನು ಹೇಳುತ್ತಿಲ್ಲ. ಆದರೆ ದುಡಿಯುವ ಕೈ ಬಿರಿದು, ಐವತ್ತಕ್ಕೇ ಕೆಲಸ ಬಿಡಬೇಕಾಗಿ ಬಂದರೆ ಆ ಮನೆಗೆ ಅದು ಸಣ್ಣ ವಿಷಯವೂ ಅಲ್ಲ. ಮುಂದಿನ ಕುಯ್ಲಿನ ಒಳಗೆ ಜಿಲ್ಲೆಯಲ್ಲಿ ಒಂದು ಪ್ಯಾಚ್ ಟೆಸ್ಟ್ ಶಿಬಿರ ಅನ್ನೋದನ್ನು ನಮ್ಮ ಬೇಡಿಕೆಗಳ ಪಟ್ಟಿಗೆ ಸೇರಿಸೋಣ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದಾದಷ್ಟು ಸರಳವಾದ ಬೇಡಿಕೆ ಅದು.